ಬೆಟ್ಟ ಹತ್ತುವವನಿಗೆ ಹಬ್ಬಕ್ಕೇನು ಕೊಡೋಣ?

ದೀಪಾವಳಿ ಹತ್ತಿರ ಬಂದಿತೆಂದರೆ ನಮ್ಮಲ್ಲಿ ಉಡುಗೊರೆಗಳ ಸಂಚಾರ ಆರಂಭವಾಗುತ್ತದೆ. ಸಂಚಾರವೆಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಒಂದು ಮನೆಗೆ ಬಂದ ಸಿಹಿಯ ಪೆಟ್ಟಿಗೆ ಕಟ್ಟು ಬಿಚ್ಚದೆ ಇನ್ನೊಂದು ಮನೆಗೆ ಹೋಗಿ, ಅಲ್ಲಿಂದ ಮೂರನೆಯ ಮನೆ ಸೇರುವುದನ್ನು ಕಾಣದವರು ಯಾರು? ಗೋಡೆಯ ಗಡಿಯಾರ, ಪಿಂಗಾಣಿ ಬಟ್ಟಲು, ಬಣ್ಣದ ದೀಪ ಇವುಗಳ ಪಾಡೂ ಅಷ್ಟೆ. ಇದರಿಂದ ಯಾರಿಗೂ ನಷ್ಟವಿಲ್ಲ. ಬೇಡದ ಬಟ್ಟಲು ಬೀರುವಿನಲ್ಲಿ ಕುಳಿತುಕೊಂಡರೆ ಯಾರ ಪ್ರಾಣವೂ ಹೋಗುವುದಿಲ್ಲ.

ಆದರೆ ಈಗ ಹೆಚ್ಚುಕಡಮೆ ಪ್ರತಿಯೊಂದು ಬಂಧುವರ್ಗದಲ್ಲಿಯೂ, ಪ್ರತಿಯೊಂದು ಹಾಸ್ಟೆಲಿನಲ್ಲಿಯೂ ಬೇರೊಂದು ಜಾತಿಯ ಮನುಷ್ಯನಿದ್ದಾನೆ. ರಜೆ ಸಿಕ್ಕಿದೊಡನೆ ಬೆನ್ನಿಗೆ ಚೀಲವೇರಿಸಿ ಕುದುರೆಮುಖಕ್ಕೋ ಕೊಡಚಾದ್ರಿಗೋ ಹೊರಡುವವನು ಅವನು. ಅವನ ಸೋದರಸಂಬಂಧಿಯಂಥ ಮತ್ತೊಬ್ಬನಿದ್ದಾನೆ. ಇವನು ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲೇ ಹಗ್ಗ, ಮೇಣದ ಬತ್ತಿ, ಬೆಂಕಿಪೆಟ್ಟಿಗೆ, ನೀರಿನ ಕ್ಯಾನು, ಔಷಧದ ಡಬ್ಬಿ ಇವನ್ನೆಲ್ಲ ಕೂಡಿಟ್ಟು ಮನೆಯವರಿಂದ ನಗೆಪಾಟಲಿಗೆ ಗುರಿಯಾಗುತ್ತಾನೆ. ಇವರಿಬ್ಬರಿಗೂ ಹಬ್ಬಕ್ಕೆ ಏನನ್ನು ಕೊಡಬೇಕೆಂಬುದೇ ಇಲ್ಲಿಯ ಪ್ರಶ್ನೆ. ಇದು ಕೇಳುವಷ್ಟು ಹಗುರವಾದ ಪ್ರಶ್ನೆಯಲ್ಲವೆಂದು ನನ್ನ ಅಭಿಪ್ರಾಯ. ಇವರಿಗೆ ಕೊಟ್ಟ ವಸ್ತು ಕೆಟ್ಟುಹೋದರೆ ಅದು ಬೀರುವಿನಲ್ಲಿ ಕೆಡುವುದಿಲ್ಲ. ರಾತ್ರಿಯ ಹೊತ್ತು, ಮಳೆಯಲ್ಲಿ, ಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ.

ಮನೆಯಲ್ಲಿ ಹಗ್ಗ ಕೂಡಿಡುವವನನ್ನು ನೋಡಿ ನಗುವ ಕಾಲ ಮುಗಿಯಿತೆಂದೇ ಹೇಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದುವು. ಮರುವರ್ಷ ಅದೇ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳೊಳಕ್ಕೆ ನುಗ್ಗಿದುವು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಕುಸಿಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ರಂದು ಬೆಳಗಾಗುವ ಮೊದಲೇ, ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದುವು. ಅಂಥ ರಾತ್ರಿ ದಿಂಬಿನ ಬಳಿ ಟಾರ್ಚು ಇಟ್ಟುಕೊಂಡು ಮಲಗಿದವನನ್ನು ಹುಚ್ಚನೆನ್ನಲು ಯಾರಿಗೆ ಬಾಯಿ ಬಂದೀತು?

ಆದ್ದರಿಂದ ಉಡುಗೊರೆ ಕೊಡೋಣ. ಆದರೆ ಅವನ ಮುಖ್ಯ ಸಲಕರಣೆಯನ್ನು ನಾವು ಕೊಂಡುಕೊಡಬಾರದು. ಬೂಟನ್ನು ಕಾಲು ಆರಿಸಬೇಕು, ಚೀಲವನ್ನು ಬೆನ್ನು ಆರಿಸಬೇಕು. ಅಂಗಡಿಯಲ್ಲಿ ನಾವು ಮೆಚ್ಚಿ ತಂದ ಬೂಟು ಮೂರನೆಯ ಮೈಲಿಯಲ್ಲಿ ಅವನ ಹಿಮ್ಮಡಿಯನ್ನು ಸುಲಿದರೆ ನಮ್ಮ ಪ್ರೀತಿಯಿಂದ ಅವನಿಗೇನು ಪ್ರಯೋಜನ? ದಾಕ್ಷಿಣ್ಯಕ್ಕೆ ಹಾಕಿಕೊಂಡು ಹೋದವನು ದಾಕ್ಷಿಣ್ಯಕ್ಕೇ ಕುಂಟಬೇಕಾಗುತ್ತದೆ. ಇಂಥ ವಸ್ತುಗಳನ್ನು ಬಲ್ಲವನು ತಾನೇ ಕೊಳ್ಳಲಿ; ಹಣ ಕೊಡುವ ಶಕ್ತಿ ನಮಗಿದ್ದರೆ ಜೊತೆಗೆ ಅಂಗಡಿಗೆ ಹೋಗೋಣ.

ಹಾಗಾದರೆ ಉಡುಗೊರೆಗೆ ಉಳಿಯುವುದೇನು? ಬಹಳ ಉಳಿಯುತ್ತದೆ. 1953ರ ಮೇ 29ರಂದು ಎವರೆಸ್ಟಿನ ತುದಿಯಲ್ಲಿ ನಿಂತ ತೇನ್‌ಸಿಂಗನ ಮೈಮೇಲೆ ಏನೇನಿತ್ತೆಂಬುದನ್ನು ಆತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆಮ್ಲಜನಕ, ಹಗ್ಗ, ಡೇರೆ ಇವೆಲ್ಲ ತಂಡದವರು ಒದಗಿಸಿದುವು, ಅವು ಉಡುಗೊರೆಗಳಲ್ಲ. ಆದರೆ ಕಾಲುಚೀಲ ಹೆಂಡತಿ ಆಂಗ್ ಲಾಮು ಹೆಣೆದದ್ದು. ಸ್ವೆಟರು ಹಿಮಾಲಯನ್ ಕ್ಲಬ್ಬಿನ ಒಬ್ಬ ಮಹಿಳೆ ಕೊಟ್ಟದ್ದು. ತಲೆಯ ಉಣ್ಣೆಯ ಟೋಪಿ, 1947ರಲ್ಲಿ ಅವನೊಡನೆ ಅದೇ ಶಿಖರಕ್ಕೆ ಹೊರಟು ಸೋತು ಹಿಂತಿರುಗಿದ ಅರ್ಲ್ ಡೆನ್ಮನ್ ಬಿಟ್ಟುಹೋದದ್ದು. ಕೊರಳ ಕೆಂಪು ವಸ್ತ್ರ ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟನದು. ಈ ಲ್ಯಾಂಬರ್ಟ್ ಹಿಮದ ಕಡಿತದಿಂದ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡಿದ್ದವನು. ಆದರೂ 1952ರಲ್ಲಿ ತೇನ್‌ಸಿಂಗನೊಡನೆ ಶಿಖರಕ್ಕೆ ಕೆಲವೇ ನೂರು ಅಡಿಗಳಷ್ಟು ಕೆಳಗಿನವರೆಗೆ ಹೋಗಿಬಂದಿದ್ದನು. ಆ ವರ್ಷದ ಎರಡನೆಯ ಪ್ರಯತ್ನವೂ ಕೈಗೂಡದೆ ಬೀಳ್ಕೊಳ್ಳುವಾಗ ಆತ ಕೊಟ್ಟ ವಸ್ತ್ರ ಅದು. ಜೇಬಿನಲ್ಲಿ ಮಗಳು ನೀಮಾ ಕೊಟ್ಟ ಕೆಂಪು ನೀಲಿ ಸೀಸದಕಡ್ಡಿಯ ತುಂಡೂ ಇತ್ತು. ಅದನ್ನು ಅವನು ಸಿಹಿತಿಂಡಿಯೊಡನೆ ಹಿಮದಲ್ಲಿ ಹೂತನು. ಸೀಸದಕಡ್ಡಿಯ ಉಪಯೋಗವನ್ನು ಕುರಿತು ನಾನು ವಾದಿಸಲಾರೆ. ಉಳಿದವನ್ನು ನೋಡಿರಿ: ಕಾಲುಚೀಲ, ಟೋಪಿ, ಸ್ವೆಟರು, ಕುತ್ತಿಗೆಯ ವಸ್ತ್ರ. ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಮೆಯಾದರೂ ನಡೆಯುವಂಥವು, ಭಾರವಿಲ್ಲದವು, ಬೆಚ್ಚಗಿಡುವಂಥವು. ಅವನ್ನು ಕೊಟ್ಟವರಲ್ಲಿ ಹೆಚ್ಚಿನವರು ಬೆಟ್ಟವನ್ನೂ ಬಲ್ಲವರು, ತೊಡುವವನನ್ನೂ ಬಲ್ಲವರು.

ನಮ್ಮ ಮುಳ್ಳಯ್ಯನಗಿರಿ 1930 ಮೀಟರು. ಎವರೆಸ್ಟಿನ ಕಾಲು ಭಾಗವೂ ಇಲ್ಲ. ಆದರೂ ಮಳೆಯಲ್ಲಿ ನೆಂದು ಗಾಳಿಗೆ ಮೈಯೊಡ್ಡಿದವನು ಅಲ್ಲಿಯೂ ಗಡಗಡ ನಡುಗುತ್ತಾನೆ. ಹತ್ತಿಬಟ್ಟೆ ನೆಂದರೆ ಮೈಯ ಶಾಖವನ್ನು ಹೀರಿಬಿಡುತ್ತದೆ. ಉಣ್ಣೆ ನೆಂದರೂ ಸ್ವಲ್ಪ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ರೈತ ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವನಾಗಿದ್ದ. ಮಲೆನಾಡಿನ ಕಂಬಳಿಕೊಪ್ಪೆಗೆ ಕಾರಣ ಇದೇ. ನಾಟಿಯ ಹೆಣ್ಣುಮಕ್ಕಳ ಬೆನ್ನ ಮೇಲೆ, ಎಲೆ ಮತ್ತು ಬಿದಿರಿನ ಸೀಳಿನಿಂದ ಹೆಣೆದ ಗೊರಬು ಇರುತ್ತಿತ್ತು. ಹೀಗೆಂದು ಚಾರಣಿಗನ ತಲೆಗೆ ಗೊರಬು ಕಟ್ಟಿ ಕಳುಹಿಸಿರೆಂದು ನಾನು ಹೇಳುವುದಿಲ್ಲ. ನಾಡಿನದೆಂಬ ಅಭಿಮಾನವೊಂದೇ ಯಾವ ವಸ್ತುವನ್ನೂ ಹಗುರ ಮಾಡಲಾರದು. ನೆಂದ ಕಂಬಳಿಯನ್ನು ಹೊತ್ತು ಬೆಟ್ಟ ಹತ್ತಿದವನಿಗೆ ಅದರ ಭಾರ ಗೊತ್ತು. ಆದರೆ ಮನೆಯಲ್ಲಿ ಗಂಟು ಕಟ್ಟಿಡುವ ನಮ್ಮ ಎರಡನೆಯ ಮಿತ್ರನಿಗೆ ಚಳ್ಳಕೆರೆಯ ಒಂದು ಒಳ್ಳೆಯ ಕಂಬಳಿಗಿಂತ ಮಿಗಿಲಾದ ಕೊಡುಗೆಯಿಲ್ಲ. ಹಾಸಬಹುದು, ಹೊದೆಯಬಹುದು, ಎರಡು ಬಿದಿರುಗಳವಿಗೆ ಕಟ್ಟಿ ಗಾಯಾಳುವನ್ನು ಹೊತ್ತು ತರಬಹುದು. ಬೆಟ್ಟಕ್ಕೆ ಹೋಗುವವನಿಗೆ ಉಣ್ಣೆಯ ಕಾಲುಚೀಲ, ಹಗುರವಾದ ಮಳೆಯಂಗಿ ಸಾಕು. ಜೊತೆಗೆ ಒಂದು ಹತ್ತಿಯ ಚೌಕ. ಬೆವರು ಒರೆಸಲೂ ಮುರಿದ ಕೈಯನ್ನು ಕೊರಳಿಗೆ ತೂಗುಹಾಕಲೂ ಅದು ಒದಗುತ್ತದೆ. ಬೇಡನ್ ಪೊವೆಲ್ಲನ ಸ್ಕೌಟುಗಳು ಕುತ್ತಿಗೆಗೆ ವಸ್ತ್ರ ಕಟ್ಟಿದ್ದು ಅಂದಕ್ಕೆ ಮಾತ್ರವಲ್ಲ.

ಬೆಳಕಿನ ವಿಷಯದಲ್ಲಿ ನಾನು ಹಟವಾದಿ. ಎಲ್ಲ ಉಡುಗೊರೆಗಳಿಗೂ ಮೊದಲು ಟಾರ್ಚು. ಅದರಲ್ಲಿಯೂ ಹಣೆಗೆ ಕಟ್ಟಿಕೊಳ್ಳುವ ದೀಪ. ಕಾರಣ, ಜಾರುವ ದಾರಿಯಲ್ಲಿ ಎರಡು ಕೈಗಳೂ ಬಿಡುವಾಗಿರಬೇಕು. ಕೊಡುವ ಮುನ್ನ ಒಂದು ರಾತ್ರಿ ನಾವೇ ಅದನ್ನು ಉರಿಸಿ, ಮಳೆಯಲ್ಲಿ ಹಿಡಿದು, ಕತ್ತಲೆಯಲ್ಲಿ ಅದರ ಶೆಲ್ಲು ಬದಲಾಯಿಸಿ ನೋಡಬೇಕು. ಇದಕ್ಕೆ ಹೊಳೆಯುವ ಕಟ್ಟು ಹರಿದುಹೋಗುತ್ತದೆ ನಿಜ. ಹರಿಯಲಿ! ಪರೀಕ್ಷಿಸದ ಟಾರ್ಚು ಉಡುಗೊರೆಯಲ್ಲ, ಆಟದ ಸಾಮಾನು. ಶೆಲ್ಲುಗಳನ್ನು ಒಳಗೇ ಹಾಕಿ ವರ್ಷಗಟ್ಟಲೆ ಇಟ್ಟರೆ ಅವು ಸೋರಿ ಒಳಗಿನ ತಗಡನ್ನು ತಿಂದುಬಿಡುತ್ತವೆ. ಮನೆಯಲ್ಲಿಡುವ ಟಾರ್ಚಾದರೆ ಶೆಲ್ಲುಗಳನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ಕೈಯಿಂದ ತಿರುಗಿಸಿ ವಿದ್ಯುತ್ತು ಹುಟ್ಟಿಸುವ ರೇಡಿಯೋ ದೊರೆತರೆ ಅದೂ ಉತ್ತಮ. ಕರೆಂಟು ಹೋಗಿ ಮೊಬೈಲು ಗೋಪುರ ಸತ್ತ ಮೇಲೂ ಆಕಾಶವಾಣಿ ಕೇಳಿಸಬಲ್ಲುದು.

ಇನ್ನು ಕೊಡಬಾರದ ಉಡುಗೊರೆಗಳಿವೆ. ಇವುಗಳ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಮೊದಲನೆಯದು ಹಾವಿನ ವಿಷವನ್ನು ಹೀರುವುದೆಂದು ಮಾರುವ ಸಣ್ಣ ಪೆಟ್ಟಿಗೆ. ಅದರೊಳಗೆ ಹೀರುವ ಬುರುಡೆ, ಬಿಗಿಯುವ ಪಟ್ಟಿ, ಒಮ್ಮೊಮ್ಮೆ ಸೀಳುವ ಬ್ಲೇಡು ಇರುತ್ತವೆ. ಹಾವು ಕಚ್ಚಿದ ಜಾಗವನ್ನು ಸೀಳಬಾರದು, ಹೀರಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕೆಂಬುದು ವೈದ್ಯರ ಮಾತು. ಪ್ರತಿವಿಷ ಇರುವುದು ಆಸ್ಪತ್ರೆಯಲ್ಲಿ. ಅದೂ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ನಮ್ಮ ಘಟ್ಟದ ಮೊಂಡುಮೂಗಿನ ಗುಳಿಮಂಡಲ ಆ ನಾಲ್ಕರಲ್ಲಿ ಸೇರಿಲ್ಲ. ಹೀಗಿರುವಾಗ ಆ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ನಿರ್ಭಯನಾಗಿ ಹುಲ್ಲಿನೊಳಗೆ ಕಾಲಿಡುವವನಿಗೆ ನಾವು ಕೊಟ್ಟದ್ದು ಧೈರ್ಯವಲ್ಲ, ಭ್ರಮೆ. ಅದೇ ಹಣಕ್ಕೆ ಮೊಣಕಾಲಿನವರೆಗೆ ಬರುವ ದಪ್ಪ ಕಾಲುಪಟ್ಟಿ ಬರುತ್ತದೆ. ಇಂಬಳಕ್ಕೂ ಅದು ತಡೆ.

ಎರಡನೆಯದು ಪರದೇಶದಿಂದ ಬರುವ ಕೊಡುಗೆ. ಅಮೆರಿಕೆಯಲ್ಲಿರುವ ಅಣ್ಣ ತಮ್ಮನ ಮೇಲಿನ ಮಮತೆಯಿಂದ ಉಪಗ್ರಹದ ಮೂಲಕ ಸುದ್ದಿ ಕಳುಹಿಸುವ ಯಂತ್ರವನ್ನು ತರುತ್ತಾನೆ. ಅಲ್ಲಿ ಅದು ಚಾರಣಿಗರ ಪ್ರಾಣರಕ್ಷಕ; ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಇದನ್ನರಿಯದೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ತೊಂದರೆಗೆ ಸಿಕ್ಕಿದ ಪರದೇಶದ ಪ್ರವಾಸಿಗರಿದ್ದಾರೆ. ಕಾನೂನು ಹೀಗೆಯೇ ಇರಬೇಕೇ ಎಂಬುದು ಬೇರೆ ಚರ್ಚೆ. ಹಬ್ಬದ ಉಡುಗೊರೆಗಾಗಿ ತಮ್ಮನನ್ನು ಪೋಲೀಸು ಠಾಣೆ ಹತ್ತಿಸುವುದು ಬೇಡ.

ಮೂವತ್ತು ಅಲಗುಗಳ ಚಾಕು ಇವುಗಳಷ್ಟು ಅಪಾಯದ್ದಲ್ಲ, ಹಾಸ್ಯದ್ದು. ಕಾರ್ಲ್ ಎಲ್ಸನರ್ ಎಂಬಾತ 1891ರಲ್ಲಿ ಸ್ವಿಸ್ ಸೈನಿಕರಿಗೆ ಒದಗಿಸಿದ ಚಾಕುವಿನಲ್ಲಿ ಇದ್ದದ್ದು ನಾಲ್ಕೇ ಸಾಧನ: ಅಲಗು, ರಂಧ್ರ ಕೊರೆಯುವ ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಬಂದೂಕು ಬಿಚ್ಚುವ ತಿರುಪುಳಿ. ಒಂದು ಸೈನ್ಯಕ್ಕೆ ನಾಲ್ಕು ಸಾಕಾಗಿದ್ದುವು. ಕುಮಾರಪರ್ವತಕ್ಕೆ ಹೋಗುವ ವಿದ್ಯಾರ್ಥಿಗೆ ಮೂವತ್ತೇಕೆ?

ಹಾಸ್ಟೆಲಿನ ಗೆಳೆಯನಿಗೆ ಕೊಡಲು ಹಣವಿಲ್ಲದವರಿಗೂ ಒಂದು ವಸ್ತುವಿದೆ: ಸೀಟಿ. ಇದರಷ್ಟು ಅಗ್ಗವಾಗಿ, ಇದರಷ್ಟು ಕೆಲಸ ಮಾಡುವ ಉಡುಗೊರೆಯನ್ನು ನಾನರಿಯೆ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದುವುದು ಪರ್ವತಾರೋಹಿಗಳಲ್ಲಿ ಒಪ್ಪಿತವಾದ ಆಪತ್ತಿನ ಸಂಕೇತ. ನಿಮಿಷಕ್ಕೆ ಮೂರು ಸಲ ಊದಿದರೆ ಅದು ಉತ್ತರ. ಈ ಎರಡು ಸಾಲುಗಳನ್ನೂ 112 ಎಂಬ ತುರ್ತು ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಸೀಟಿಯ ದಾರಕ್ಕೆ ಕಟ್ಟಿ ಕೊಟ್ಟರೆ ಉಡುಗೊರೆ ಪೂರ್ಣವಾಯಿತು. ಪ್ಲಾಸ್ಟಿಕ್ಕಿನದೇ ಇರಲಿ, ಒಳಗೆ ಕಾಳು ಇಲ್ಲದ್ದಾದರೆ ಒದ್ದೆಯಾದರೂ ಊದುತ್ತದೆ.

ಖರ್ಚಾಗುವ ಪದಾರ್ಥಗಳನ್ನು ಕೊಡಲು ನಮ್ಮವರಿಗೆ ಸಂಕೋಚ. ಕೊಟ್ಟದ್ದು ಕಣ್ಣಿಗೆ ಕಾಣುತ್ತಿರಬೇಕೆಂಬ ಆಸೆ ನಮ್ಮದು. ಆದರೆ ಸನ್ನದ್ಧನಾಗಿರುವವನ ಡಬ್ಬಿಯಲ್ಲಿ ಮೊದಲು ತೀರುವುದೂ, ಅವಧಿ ಮುಗಿದು ಕೆಡುವುದೂ ಅವೇ. ಓ.ಆರ್.ಎಸ್. ಪೊಟ್ಟಣ, ನೀರು ಶುದ್ಧಿಯ ಕ್ಲೋರಿನ್ ಮಾತ್ರೆ, ಗಾಯಕ್ಕೆ ಕಟ್ಟುವ ಬಟ್ಟೆ, ಶೆಲ್ಲು ಇವುಗಳ ಹೊಸ ಸರಬರಾಜು ಅವನಿಗೆ ನಿಜವಾಗಿ ಬೇಕಾದದ್ದು. ಜಪಾನಿನವರು 1923ರ ಸೆಪ್ಟೆಂಬರ್ 1ರ ಭೂಕಂಪವನ್ನು ಮರೆಯದೆ, 1960ರಿಂದ ಆ ದಿನವನ್ನು ಅನಾಹುತ ತಡೆಯುವ ದಿನವೆಂದು ಆಚರಿಸುತ್ತಾರೆ. ಆ ಸುಮಾರಿನಲ್ಲಿ ಮನೆಯ ತುರ್ತುಚೀಲವನ್ನು ಇಳಿಸಿ ನೋಡುವ ಪದ್ಧತಿ ಅಲ್ಲಿದೆ. ನಮಗೆ ಹೊಸ ದಿನವನ್ನು ಹುಡುಕಬೇಕಾಗಿಲ್ಲ. ಆಯುಧಪೂಜೆಯಂದು ಕತ್ತಿ, ಕುಡುಗೋಲು, ಬೈಸಿಕಲ್ಲು, ಲಾರಿ ಎಲ್ಲವನ್ನೂ ತೊಳೆದು ಕುಂಕುಮವಿಡುತ್ತೇವಲ್ಲ, ಅಂದೇ ಈ ಚೀಲವನ್ನೂ ಇಳಿಸಿ ಬಿಚ್ಚಲಿ. ಯಾವುದು ತೀರಿದೆ, ಯಾವುದಕ್ಕೆ ತುಕ್ಕು ಹಿಡಿದಿದೆ, ಯಾವ ಮಾತ್ರೆಯ ಅವಧಿ ಮುಗಿದಿದೆ ಎಂದು ಪಟ್ಟಿ ಮಾಡಲಿ. ದೀಪಾವಳಿಗೆ ಇನ್ನೂ ಮೂರು ವಾರದಷ್ಟು ಬಿಡುವಿರುತ್ತದೆ. ಆ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿ ಒಂದೆರಡನ್ನು ತಂದುಕೊಡುವ ಬಂಧುವಿಗಿಂತ ಬೇಕಾದವರು ಯಾರು?

ವಸ್ತುಗಳ ಮಾತು ಇಲ್ಲಿಗೆ ಸಾಕು. ಸ್ವಲ್ಪ ಅನುಕೂಲವಿರುವ ಚಿಕ್ಕಪ್ಪ, ಸೋದರಮಾವಂದಿರು ಕೇಳಬೇಕಾದ ಮಾತೊಂದಿದೆ. ಹುಡುಗನಿಗೋ ಹುಡುಗಿಗೋ ಸಲಕರಣೆಯ ಬದಲು ಶಿಕ್ಷಣದ ಶುಲ್ಕವನ್ನು ಕೊಡಿರಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯನ್ನು ಕಲಿಸುತ್ತವೆ. ಕೊಡಗಿನ ಮಹಾಸೇನಾನಿಯ ಹೆಸರು ಹೊತ್ತ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದಲ್ಲಿಯೇ ಇದೆ. ದೂರ ಹೋಗುವವರಿಗೆ 1954ರಲ್ಲಿ ಸ್ಥಾಪಿತವಾದ, ತೇನ್‌ಸಿಂಗನೇ ಪಾಠ ಹೇಳಿದ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಯಿದೆ. ಅಲ್ಲಿ ಕಲಿತ ವಿದ್ಯೆಗೆ ತುಕ್ಕು ಹಿಡಿಯುವುದಿಲ್ಲವೆಂದು ಹೇಳುವುದು ರೂಢಿ. ಅದಕ್ಕೂ ಹಿಡಿಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಕಲಿಯಬೇಕು. ಮತ್ತೆ ಶುಲ್ಕ ಕೊಡಿರಿ.

ಕೈಯಲ್ಲಿ ಕಾಸೇ ಇಲ್ಲದ ತಂಗಿಯೋ ಕೋಣೆಯ ಜೊತೆಗಾರನೋ ಕೊಡಬಹುದಾದದ್ದೂ ಇದೆ. ಹೊರಡುವವನನ್ನು ಬಾಗಿಲಲ್ಲಿ ನಿಲ್ಲಿಸಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಬೇಕು: ಯಾವ ದಾರಿಯಿಂದ ಹತ್ತುವುದು, ಯಾವ ದಾರಿಯಿಂದ ಇಳಿಯುವುದು, ಜೊತೆಯಲ್ಲಿ ಎಷ್ಟು ಮಂದಿ, ಅರಣ್ಯ ಇಲಾಖೆಯ ಅನುಮತಿ ಚೀಟಿಯ ಸಂಖ್ಯೆ ಏನು, ಎಷ್ಟು ಗಂಟೆಯೊಳಗೆ ಫೋನು ಮಾಡುವುದು, ಮಾಡದಿದ್ದರೆ ಯಾರಿಗೆ ತಿಳಿಸುವುದು. ಹಾಳೆಯನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿ, ಹೇಳಿದ ಗಂಟೆಯಾಗುವವರೆಗೆ ಎಚ್ಚರವಿರಬೇಕು. ಅವನು ಮೊದಲ ಸಲ ನಕ್ಕಾನು. ನಗಲಿ, ಬರೆದು ಹೋಗಲಿ.