ಟ್ರಾಕ್ಟರ್ ಜತೆಗೆ ಗಾಳಿಯೂ ಬರಲಿ

ಬಾಡಿಗೆಗೆ ಹೊಲಕ್ಕೆ ಬರುವ ಟ್ರಾಕ್ಟರಿನಲ್ಲಿ ಡೀಸೆಲ್ ಇರುತ್ತೆ, ಸ್ಪಾನರ್ ಇರುತ್ತೆ, ಗಟ್ಟಿಯಾಗಿ ಹಾಡು ಹೇಳುವ ಡಬ್ಬಾನೂ ಇರುತ್ತೆ. ಗಾಳಿ ಮಾತ್ರ ಇರುವುದಿಲ್ಲ. ಟೈರು ಕೂತರೆ ಚಕ್ರ ಬಿಚ್ಚಿ, ಬೈಕಿನ ಹಿಂದೆ ಇಟ್ಟುಕೊಂಡು ಹೋಬಳಿ ಊರಿಗೆ ಹೋಗಬೇಕು. ಬಾಡಿಗೆ ಯಂತ್ರದ ಜತೆಯಲ್ಲೇ ಗಾಳಿ ಹೊಡೆಯುವ ಸಾಧನವೂ ಬರಬೇಕು, ಗಂಟೆ ಲೆಕ್ಕ ಮಾತಾಡುವಾಗಲೇ ನಾವು ಇದನ್ನ ಕೇಳಬೇಕು ಅನ್ನೋದು ನನ್ನ ವಾದ.

ಇದು ನನ್ನ ತಲೆಗೆ ಹೊಕ್ಕಿದ್ದು ಮೈಸೂರಿನ ರಾಮಕೃಷ್ಣನಗರದಲ್ಲಿ. ಅವರೆಕಾಯಿ ಕಾಲದಲ್ಲಿ ನಾವು ಜಯಪುರ ಹೋಬಳಿ ಕಡೆಯವರು ಮೂಟೆ ಕಟ್ಟಿಕೊಂಡು ಅಲ್ಲಿಗೆ ಮಾರಕ್ಕೆ ಹೋಗ್ತೀವಿ. ಅಲ್ಲಿ ಒಂದು ಪಾರ್ಕಿನ ಹುಲ್ಲು ಕತ್ತರಿಸುವ ಗುತ್ತಿಗೆಯವರ ಲಗೇಜ್ ಆಟೊ ನಿಂತಿತ್ತು. ಹುಲ್ಲು ಕೊಯ್ಯೋ ಮಿಷನ್ನು, ಹೆಗಲಿಗೆ ಹಾಕುವ ಕಟ್ಟರು, ಅವುಗಳ ಪಕ್ಕದಲ್ಲಿ ಕ್ಲಾಂಪ್ ಹಾಕಿ ಬಿಗಿದ ಒಂದು ಚಿಕ್ಕ ಕಂಪ್ರೆಸರ್, ಬಿಂದಿಗೆಗಿಂತ ಸ್ವಲ್ಪ ದೊಡ್ಡ ಟ್ಯಾಂಕು. ಕೆಲಸ ಮುಗಿದ ತಕ್ಷಣ ಆ ಹುಡುಗ ಪೈಪ್ ಹಿಡಿದು ಇಂಜಿನಿನ ರೆಕ್ಕೆಗಳ ಸಂದಿಯಿಂದ ಹುಲ್ಲಿನ ಪುಡಿಯೆಲ್ಲ ಹಾರಿಸಿಬಿಟ್ಟ. ಆಮೇಲೆ ತಳ್ಳುಗಾಡಿಯ ಚಕ್ರಕ್ಕೂ ಗಾಳಿ ಹೊಡೆದ.

“ಮೂಲೆಗೊಂದು ಪಂಚರ್ ಅಂಗಡಿ ಐತಲ್ಲಪ್ಪ, ಇದನ್ಯಾಕೆ ಹೊತ್ಕೊಂಡು ತಿರುಗ್ತೀರಿ?” ಅಂದೆ.

“ಯಜಮಾನ್ರೇ, ಮಿಷನ್ ನಿಂತ್ರೆ ನಾಲ್ಕು ಆಳಿನ ಕೂಲಿ ನಿಲ್ತದೆ. ಅಂಗಡಿಯವನು ಟೀಗೆ ಹೋಗಿದ್ರೆ ಕಾಯೋರು ಯಾರು?” ಅಂದ.

ನೋಡಿ, ಗಾಳಿ ಸಿಗುವ ಪೇಟೆಯಲ್ಲಿ ಗಾಳಿ ಹೊತ್ತು ತಿರುಗುತ್ತಾರೆ. ಮಾನಂದವಾಡಿ ರಸ್ತೆ ಹಿಡಿದು ಬಂದು, ಟಾರು ಬಿಟ್ಟು ಒಳಕ್ಕೆ ತಿರುಗಿದರೆ ಜಾಲಿ ಮುಳ್ಳಿನ ದಾರಿ, ಅಲ್ಲಿ ಯಾರ ಹತ್ತಿರವೂ ಇಲ್ಲ. ಪಾರ್ಕಿನ ಹುಲ್ಲು ನಾಳೆ ಕೊಯ್ದರೂ ನಡೆಯುತ್ತೆ. ನಮ್ಮ ಹೊಲದ ಹದ ನಾಳೆಗೆ ಕಾಯುತ್ತದೆಯೇ?

ಮಳೆ ನಂಬಿದ ಬೇಸಾಯ ಮಾಡುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ನೆಲದಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗೋದು ಎರಡು ದಿನ, ಹೆಚ್ಚೆಂದರೆ ಮೂರು. ಬಿಸಿಲು, ಗಾಳಿ ಜೋರಾದರೆ ಅದೂ ಇಲ್ಲ. ನಮ್ಮ ಪಕ್ಕದ ಹೊಲದವರು ಒಂದು ವರ್ಷ ಪುನರ್ವಸು ಮಳೆಗೆ ರಾಗಿ ಬಿತ್ತಲು ಟ್ರಾಕ್ಟರ್ ಕರೆಸಿದ್ದರು. ಅರ್ಧ ಹೊಲ ಮುಗಿದಿತ್ತು, ಮುಂದಿನ ಚಕ್ರಕ್ಕೆ ಮುಳ್ಳು ಹೊಕ್ಕಿತು. ಚಕ್ರ ಬಿಚ್ಚಿಕೊಂಡು ಹೋದರೆ ಅಂಗಡಿಯಲ್ಲಿ ಕರೆಂಟ್ ಇಲ್ಲ, ಅವರ ಕಂಪ್ರೆಸರ್ ಓಡೋದು ಕರೆಂಟಿನಲ್ಲೇ. ಸಂಜೆ ಚಕ್ರ ಬಂತು. ಮಾರನೇ ದಿನ ಟ್ರಾಕ್ಟರು ಬೇರೆಯವರಿಗೆ ಒಪ್ಪಿಕೊಂಡಾಗಿತ್ತು. ಮೂರನೇ ದಿನ ಬಿತ್ತಿದ ಅರ್ಧದಲ್ಲಿ ಮೊಳಕೆ ಎಲ್ಲೋ ಒಂದೊಂದು. ಪೈರು ಬೆಳೆದ ಮೇಲೂ ಹಗ್ಗ ಹಿಡಿದು ಗೆರೆ ಎಳೆದ ಹಾಗೆ ಕಾಣುತ್ತಿತ್ತು, ಈ ಕಡೆ ಮೊದಲ ದಿನದ್ದು, ಆ ಕಡೆ ಮೂರನೇ ದಿನದ್ದು. ಪಂಚರಿಗೆ ಕೊಟ್ಟ ದುಡ್ಡು ಲೆಕ್ಕಕ್ಕೇ ಬರೋದಿಲ್ಲ. ಹೋದದ್ದು ಅರ್ಧ ಹೊಲದ ರಾಗಿ, ದನಕ್ಕೆ ಹುಲ್ಲು.

ಪಂಚರಿಗಿಂತ ದೊಡ್ಡ ಮಾತು ಇನ್ನೊಂದಿದೆ, ಅದನ್ನ ಯಾರೂ ಆಡೋದಿಲ್ಲ. ಟ್ರಾಕ್ಟರಿನ ಹಿಂದಿನ ಚಕ್ರಕ್ಕೆ ಹೊಲದಲ್ಲಿ ಬೇಕಾದ ಗಾಳಿ ಕಡಿಮೆ, ಎಷ್ಟೋ ಟ್ರಾಕ್ಟರುಗಳಲ್ಲಿ 12ರಿಂದ 15 ಪಿಎಸ್‌ಐ ಅಷ್ಟೆ. ನಿಮ್ಮ ಟ್ರಾಕ್ಟರಿಗೆ ಎಷ್ಟು ಅಂತ ಅದರ ಕೈಪುಸ್ತಕದಲ್ಲೇ ಇರುತ್ತೆ. ಭಾರ ಹೇರಿದ ಟ್ರೇಲರ್ ಎಳೆದು ರಸ್ತೆಯಲ್ಲಿ ಓಡುವಾಗ ಅದಕ್ಕಿಂತ ಹೆಚ್ಚು ಬೇಕು. ಡ್ರೈವರುಗಳು ಏನು ಮಾಡ್ತಾರೆ? ಪದೇ ಪದೇ ಗಾಳಿ ಹುಡುಕೋ ತಾಪತ್ರಯ ಯಾಕೆ ಅಂತ ರಸ್ತೆಯ ಲೆಕ್ಕಕ್ಕೇ ಗಟ್ಟಿ ಮಾಡಿಕೊಂಡು ನಮ್ಮ ಹೊಲಕ್ಕೂ ಹಾಗೇ ಇಳಿಸುತ್ತಾರೆ. ಕಲ್ಲಿನಂಥ ಟೈರು ಹಸಿ ನೆಲವನ್ನ ಒತ್ತಿ ಹೆಂಟೆ ಕಟ್ಟಿಸುತ್ತೆ. ಚಕ್ರ ಹೋದ ಸಾಲಿನಲ್ಲಿ ಪೈರು ಗಿಡ್ಡ ಆಗೋದನ್ನ ನೀವೂ ನೋಡಿರುತ್ತೀರಿ. ಗಾಳಿ ಹದವಾಗಿದ್ದರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತೆ, ಹಲ್ಲು ಹಿಡಿಯುತ್ತೆ, ಚಕ್ರ ಸುಮ್ಮನೆ ತಿರುಗೋದು ಕಡಿಮೆ, ಡೀಸೆಲ್ಲೂ ಉಳಿಯುತ್ತೆ. ಯೂರೋಪಿನ ದೊಡ್ಡ ಟ್ರಾಕ್ಟರುಗಳಲ್ಲಿ ಡ್ರೈವರ್ ಕೂತಲ್ಲೇ ಗುಂಡಿ ಒತ್ತಿ ಟೈರಿನ ಗಾಳಿ ಇಳಿಸಿ ಏರಿಸುವ ವ್ಯವಸ್ಥೆಯೇ ಬಂದಿದೆ. ನಮಗೆ ಗುಂಡಿ ಬೇಡ. ಹೊಲದ ಬದುವಿನಲ್ಲಿ ಇಳಿಸಿ, ಹೋಗುವಾಗ ಹೊಡೆದುಕೊಂಡು ಹೋಗುವಷ್ಟು ಗಾಳಿ ಜತೆಗಿದ್ದರೆ ಸಾಕು. ಹಿಂದಿನ ಟೈರಿಗೆ ಭಾರಕ್ಕೆ ನೀರು ತುಂಬಿಸಿದ್ದರೆ ವಾಲ್ವು ಮೇಲಕ್ಕೆ ಬರುವ ಹಾಗೆ ಚಕ್ರ ನಿಲ್ಲಿಸಿಕೊಂಡೇ ಇಳಿಸಬೇಕು, ಇಲ್ಲದಿದ್ದರೆ ನೀರು ಮುಖಕ್ಕೆ ಚಿಮ್ಮುತ್ತೆ.

ಗಾಳಿ ಹೊತ್ತ ಗಾಡಿ ನಮಗೆ ಹೊಸದೇನಲ್ಲ. ಬೋರ್‌ವೆಲ್ ಕೊರೆಯಲು ಎರಡು ಲಾರಿ ಬರುತ್ತವೆ, ಅದರಲ್ಲಿ ಒಂದರ ಮೇಲಿರೋದು ಕಂಪ್ರೆಸರೇ. ಕೆಳಗೆ ಸುತ್ತಿಗೆ ಬಡಿಯೋದೂ ಗಾಳಿ, ಕಲ್ಲುಪುಡಿ ಮೇಲಕ್ಕೆ ಎತ್ತೋದೂ ಗಾಳಿ. (ನಮ್ಮ ಕಡೆಯವರ ಅರ್ಧ ಸಾಲ ಆ ಧೂಳಿನ ಜತೆಯೇ ಹಾರಿಹೋಗಿದೆ, ಆ ಮಾತು ಬೇರೆ.) ಬಾವಿಯಲ್ಲಿ, ಪಾಯದಲ್ಲಿ ಬಂಡೆ ಒಡೆಯೋಕೆ ಕಂಪ್ರೆಸರ್ ಟ್ರಾಕ್ಟರ್ ಬರುತ್ತೆ. ದೊಡ್ಡ ಲಾರಿಗಳಿಗೆ ಬ್ರೇಕ್ ಹಿಡಿಯೋದೇ ಗಾಳಿಯಿಂದ, ಡ್ರೈವರುಗಳು ಅದೇ ಟ್ಯಾಂಕಿಗೆ ಪೈಪ್ ಸಿಕ್ಕಿಸಿ ದಾರಿಯಲ್ಲಿ ಟೈರಿಗೆ ಗಾಳಿ ತುಂಬಿಕೊಳ್ಳುತ್ತಾರೆ. ಬಂಡೆ ಒಡೆಯೋಕೆ, ಸಾಲ ಮಾಡಿಸೋಕೆ ಗಾಳಿ ಹೊಲದ ತನಕ ಬರುತ್ತೆ, ಬಿತ್ತನೆಗೆ ಮಾತ್ರ ಬರೋದಿಲ್ಲ.

ಬ್ಯಾಟರಿಗೆ ಕೊಕ್ಕೆ ಹಾಕಿ ಓಡಿಸುವ 12 ವೋಲ್ಟಿನ ಪುಟ್ಟ ಕಂಪ್ರೆಸರ್ ಎರಡು ಮೂರು ಸಾವಿರಕ್ಕೆ ಸಿಗುತ್ತೆ. ಬೈಕು, ಲಗೇಜ್ ಆಟೊ, ಟ್ರಾಕ್ಟರಿನ ಮುಂದಿನ ಚಕ್ರಕ್ಕೆ ಅದು ಆಗುತ್ತೆ. ಹಿಂದಿನ ದೊಡ್ಡ ಚಕ್ರಕ್ಕೆ ಹಾಕಿದರೆ ಕಾದು ಸುಡುತ್ತೆ, ನಡುವೆ ನಿಲ್ಲಿಸಿ ಆರಿಸಬೇಕು. ಅದಕ್ಕೆ ಬೆಲ್ಟಿನಿಂದ ಓಡುವ, ಟ್ಯಾಂಕ್ ಇರುವ ಕಂಪ್ರೆಸರೇ ಬೇಕು. ಮನೆಗೊಂದು ಕೊಳ್ಳಿ ಅಂತ ನಾನು ಹೇಳೋದಿಲ್ಲ. ಸಬ್ಸಿಡಿಗೆ ಬಂದ ಮಿಷನ್ನುಗಳು ಎಷ್ಟು ಮನೆ ಅಟ್ಟದಲ್ಲಿ ಕೋಳಿ ಕೂರುವ ಜಾಗ ಆಗಿವೆ ಅಂತ ಎಲ್ಲರಿಗೂ ಗೊತ್ತು. ಹತ್ತು ಮನೆಗೆ ಒಂದು ಸಾಕು, ಅದು ಟ್ರಾಕ್ಟರ್ ಇಟ್ಟವರ ಹತ್ತಿರವೋ ಲಗೇಜ್ ಆಟೊದವರ ಹತ್ತಿರವೋ ಇರಲಿ. ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಅಂತ ಬಾಡಿಗೆ ಕೇಂದ್ರಗಳನ್ನ ತೆಗೆಯಿತು. ಅಂಥ ಕೇಂದ್ರದಿಂದ ಬರುವ ಟ್ರಾಕ್ಟರಿಗೆ ಮೊದಲು ಈ ನಿಯಮ ಆಗಲಿ. ಗಂಟೆಗೆ ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಕೊಡೋಣ, ಹದ ಹೋದರೆ ಅದರ ಎಷ್ಟು ಪಾಲು ಹೋಗುತ್ತೆ?

ಟೈರು ಬಿಟ್ಟರೂ ಅದಕ್ಕೆ ಕೆಲಸ ಉಂಟು. ಒಕ್ಕಣೆ ಕಾಲದಲ್ಲಿ ರೇಡಿಯೇಟರಿಗೆ ರಾಗಿ ಹೊಟ್ಟು ಮೆತ್ತಿ ಇಂಜಿನ್ ಕಾಯುತ್ತೆ. ತಣ್ಣಗಾದ ಮೇಲೆ ಫ್ಯಾನಿನ ಕಡೆಯಿಂದ ಹೊರಕ್ಕೆ ಊದಿದರೆ ಹೊಟ್ಟು ಬಂದ ದಾರಿಯಲ್ಲೇ ಹೋಗುತ್ತೆ. ಕಾಗದದ ಏರ್ ಫಿಲ್ಟರನ್ನ ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಊದಬೇಕು. ಎಣ್ಣೆ ಬಟ್ಟಲಿನ ಹಳೇ ಫಿಲ್ಟರಿಗೆ ಊದಿ ಪ್ರಯೋಜನವಿಲ್ಲ, ತೊಳೆದು ಎಣ್ಣೆ ಬದಲಿಸಬೇಕು. ಇನ್ನು ಔಷಧಿ ಹೊಡೆಯೋ ಪಂಪಿನ ನಾಜಲ್. ಕಟ್ಟಿಕೊಂಡರೆ ಬಾಯಿಗಿಟ್ಟು ಉಫ್ ಅಂತ ಊದೋರು ಈಗಲೂ ಊರೂರಲ್ಲಿ ಇದಾರೆ. ಅದನ್ನ ತಪ್ಪಿಸೋಕಾದರೂ ಒಂದು ಗಾಳಿ ಪೈಪ್ ಬೇಕು. ಮೊದಲು ನೀರಲ್ಲಿ ತೊಳೆದು, ಆಮೇಲೆ ಊದಬೇಕು, ಮುಖ ಆ ಕಡೆ ತಿರುಗಿಸಿ.

ಗಾಳಿ ಅಂತ ಸಸಾರ ಮಾಡಬೇಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಗಾಡಿ ಸರ್ವಿಸ್ ಮಾಡುವ ಜಾಗದಲ್ಲಿ ಗೆಳೆಯನೇ ತಮಾಷೆಗೆ ಅಂತ ಗುದದ್ವಾರಕ್ಕೆ ಗಾಳಿ ಬಿಟ್ಟು ಒಬ್ಬ ಹುಡುಗ ಕರುಳು ಒಡೆದು ಸತ್ತ. ಮೈಮೇಲಿನ ಧೂಳು ಹೊಡೆಯೋಕೆ ಇದನ್ನ ಬಳಸಲೇಬಾರದು. ಯಂತ್ರ ಒರೆಸೋಕೂ ಗಾಳಿ 30 ಪಿಎಸ್‌ಐ ಮೀರಬಾರದು ಅಂತ ಅಮೆರಿಕದಲ್ಲಿ ಕಾನೂನೇ ಇದೆ. ಟ್ಯಾಂಕಿನ ತಳದಲ್ಲಿ ನೀರು ಕೂರುತ್ತೆ, ದಿನಾ ಸಂಜೆ ಕೆಳಗಿನ ತಿರುಪು ಬಿಚ್ಚಿ ಸುರಿಸಬೇಕು, ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿಂದು ಒಂದು ದಿನ ಸಿಡಿಯುತ್ತೆ. ಗಾಳಿ ಹೆಚ್ಚಾದಾಗ ತಾನೇ ಬಿಡುವ ವಾಲ್ವನ್ನು ತಂತಿ ಸುತ್ತಿ ಮುಚ್ಚುವ ಜಾಣರ ಹತ್ತಿರ ನಿಲ್ಲಬೇಡಿ. ಗುಜರಿಯ ಗ್ಯಾಸ್ ಸಿಲಿಂಡರಿಗೆ ನಲ್ಲಿ ಬೆಸೆದು ಟ್ಯಾಂಕ್ ಅನ್ನುವವರ ಹತ್ತಿರವೂ ಅಷ್ಟೆ.

ಭರಣಿ ಮಳೆಗೆ ಮುಂಚೆ ನಮ್ಮೂರ ಸಂಘದಲ್ಲಿ ಈ ಮಾತು ಎತ್ತುವವನಿದ್ದೇನೆ. ಪವರ್ ಟಿಲ್ಲರಿಗೆ ಬೆಲ್ಟ್ ಹಾಕಿ ಕಂಪ್ರೆಸರ್ ಓಡಿಸುತ್ತಿರುವ ರೈತರು ಓದುಗರಲ್ಲಿ ಇದ್ದರೆ ಪುಲ್ಲಿಯ ಅಳತೆ ಎಷ್ಟು, ಟ್ಯಾಂಕ್ ತುಂಬೋಕೆ ಎಷ್ಟು ಹೊತ್ತು, ಡೀಸೆಲ್ ಎಷ್ಟು ಕುಡಿಯುತ್ತೆ ಅನ್ನೋದನ್ನ ಪತ್ರಿಕೆಗೆ ಬರೆದು ತಿಳಿಸಿ.