ಜ್ವರ ಹೋಯಿತು, ಗಂಟುನೋವು ಉಳಿಯಿತು



2008ನೆಯ ಇಸವಿಯ ಮಳೆಗಾಲವನ್ನು ನಮ್ಮ ಪುತ್ತೂರು-ಸುಳ್ಯ ಸೀಮೆಯವರು ಮರೆತಿರಲಾರರು. ಕಡಬವು ಆಗ ಪ್ರತ್ಯೇಕ ತಾಲೂಕಾಗಿರದೆ ಪುತ್ತೂರಿನೊಳಗೇ ಸೇರಿದ್ದಿತು. ಅಡಿಕೆಗೆ ಮದ್ದು ಬಿಡತಕ್ಕ ಕಾಲ. ಮರ ಹತ್ತುವವರೂ ಮಲಗಿದ್ದರು, ಕೆಳಗೆ ನಿಂತು ಪಂಪು ನೋಡಿಕೊಳ್ಳುವವರೂ ಮಲಗಿದ್ದರು. ಯಜಮಾನನು ಗೋಡೆ ಹಿಡಿದು ನಡೆದನು. ಗೃಹಿಣಿಗೆ ಒಂದು ತಂಬಿಗೆ ನೀರನ್ನೆತ್ತುವುದೂ ದುಸ್ಸಾಧ್ಯವಾಯಿತು. ನಾನಾದರೋ ಸೀಮೆಸುಣ್ಣವನ್ನು ಹಿಡಿಯಲಾರದೆ ಮೂರು ವಾರ ಪಾಠವನ್ನೆಲ್ಲ ಬಾಯಿಂದಲೇ ಹೇಳಿದೆನು. ಮಕ್ಕಳಿಗೆ ಅದರಿಂದ ಸಂತೋಷವೇ ಆದಂತೆ ತೋರಿತು.

ಚಿಕೂನ್‌ಗುನ್ಯಾ ಎಂಬುದು ಆಫ್ರಿಕದ ಮಕೊಂಡೆ ಜನರ ಮಾತು. ನೋವಿನಿಂದ ಬಾಗಿಹೋಗುವುದೆಂದು ಅದರ ಅಭಿಪ್ರಾಯ. ಕರ್ಣಾಟಕದಲ್ಲಿ 2006ರಲ್ಲಿಯೇ ಸುಮಾರು ಏಳೂವರೆ ಲಕ್ಷ ಮಂದಿಗೆ ಈ ಜ್ವರದ ಶಂಕೆಯೆಂದು ಲೆಕ್ಕವಾಗಿದ್ದಿತು. ರಬ್ಬರು ಹಾಲಿನ ಬಟ್ಟಲು, ತೋಟದಲ್ಲಿ ಬಿದ್ದ ಹಾಳೆ, ಅಂಗಳದ ಗೆರಟೆ, ಇವುಗಳಲ್ಲಿ ನಿಂತ ಮಳೆನೀರೇ ಹಗಲು ಕಚ್ಚುವ ಪಟ್ಟೆಕಾಲಿನ ಸೊಳ್ಳೆಗೆ ತವರುಮನೆಯಾದುದರಿಂದ ನಮ್ಮ ಸೀಮೆಯಲ್ಲಿ ಅದಕ್ಕೆ ಆತಿಥ್ಯದ ಕೊರತೆಯಿರಲಿಲ್ಲ.

ನಾನಿಲ್ಲಿ ಹೇಳಬೇಕೆಂದಿರುವುದು ಜ್ವರದ ವಿಷಯವಲ್ಲ, ಅದರ ಶೇಷದ ವಿಷಯ. ಪೋರ್ಟ್‌ಬ್ಲೇರಿನ ವೈದ್ಯಕೀಯ ಸಂಶೋಧನ ಕೇಂದ್ರದ ಸತ್ಯಪ್ರಕಾಶ ಮಣಿಮುಂಡ ಮೊದಲಾದ ವಿದ್ವಾಂಸರು ನಮ್ಮ ಜಿಲ್ಲೆಯ ರೋಗಿಗಳನ್ನೇ ಹತ್ತು ತಿಂಗಳವರೆಗೆ ಅನುಸರಿಸಿ ನೋಡಿ, 2010ರಲ್ಲಿ ಲಂಡನ್ನಿನ ಉಷ್ಣವಲಯ ವೈದ್ಯಸಂಘದ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಜ್ವರ ಬಿಟ್ಟು ತಿಂಗಳುಗಳು ಕಳೆದರೂ ಬಹುಮಂದಿಗೆ ಸಂಧಿಗಳ ನೋವು, ಊತ ಹೋಗಿರಲಿಲ್ಲ. ಕೆಲವರ ಸಂಧಿಗಳನ್ನು ಎಂ.ಆರ್.ಐ. ಯಂತ್ರದಿಂದ ನೋಡಲಾಗಿ ಒಳಗೆ ನೀರು ಸೇರಿದುದೂ, ಸಂಧಿಯ ಒಳಪೊರೆ ದಪ್ಪವಾದುದೂ, ಎಲುಬು ಸವೆದುದೂ ಕಂಡುಬಂದಿತು. ‘ಮುದುಕರ ನೆಪ’ವೆಂದು ಹೀಯಾಳಿಸಲ್ಪಟ್ಟವರ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇದಕ್ಕೆ ಕಾರಣವೇನು? ತೋಟಕ್ಕೆ ಕಾಡುಹಂದಿ ನುಗ್ಗಿದಾಗ ಕಾವಲುಗಾರರು ಕೂಗಿ ಓಡಿಸುತ್ತಾರೆ. ಹಂದಿ ಹೋದ ಮೇಲೂ ಅವರು ಕತ್ತಲಲ್ಲಿ ಅತ್ತಿತ್ತ ಓಡುತ್ತ ಯಜಮಾನನ ಬಾಳೆಯನ್ನೇ ತುಳಿಯುತ್ತಿದ್ದರೆ ಹೇಗೋ, ಹಾಗೆ ಶರೀರದ ರಕ್ಷಕ ಕಣಗಳು ಸಂಧಿಯನ್ನೇ ನೋಯಿಸುವುವು. ಹಂದಿ ನಿಜವಾಗಿ ಹೋಯಿತೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. 2010ರಲ್ಲಿ ರೆಯೂನಿಯನ್ ದ್ವೀಪದ ಸಂಶೋಧಕರು ಒಬ್ಬ ರೋಗಿಯ ಸಂಧಿಯ ಪೊರೆಯಲ್ಲಿ ಹದಿನೆಂಟು ತಿಂಗಳ ಮೇಲೂ ವೈರಾಣುವಿನ ಅಂಶವನ್ನು ಕಂಡರು. 2018ರಲ್ಲಿ ಪ್ರಕಟವಾದ ಕೊಲಂಬಿಯ ದೇಶದ ಪರೀಕ್ಷೆಯಲ್ಲಿ 38 ರೋಗಿಗಳ ಸಂಧಿದ್ರವದಲ್ಲಿ ಅದು ಸಿಕ್ಕಲಿಲ್ಲ.

ನಮ್ಮ ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಅಪಕ್ವವಾದ ಆಮವು ವಾತಪ್ರೇರಿತವಾಗಿ ಸಂಧಿಗಳಲ್ಲಿ ನೆಲೆಸುವುದೆಂದು ಅದರ ಕಲ್ಪನೆ. ರುಮಾಟಿಸಂ ಎಂಬ ಪದಕ್ಕೆ ಮೂಲವಾದ ಗ್ರೀಕ್ ಶಬ್ದಕ್ಕೂ ‘ಹರಿವು’ ಎಂದೇ ಅರ್ಥ. ಎರಡು ದೇಶದ ಪೂರ್ವಿಕರೂ ಹರಿಯುವ ದೋಷವನ್ನೇ ಊಹಿಸಿದರೆಂಬುದು ನನಗೆ ಬಲು ಸ್ವಾರಸ್ಯವೆನಿಸಿದೆ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಹಳೆಯ ಗ್ರಂಥದಲ್ಲಿ ಇಂದಿನ ವಿದ್ಯೆಯೆಲ್ಲ ಇದ್ದಿತೆಂದು ವಾದಿಸುವುದನ್ನು ನಾನು ಒಪ್ಪಲಾರೆ.

ನಮ್ಮ ನೆರೆಮನೆಯ ಒಬ್ಬ ತಾಯಿಯ ಸಂಗತಿಯನ್ನು ಹೇಳುತ್ತೇನೆ. ಆಕೆಗೂ ಆ ಮಳೆಗಾಲದಲ್ಲಿ ಜ್ವರ ಬಂದಿದ್ದಿತು. ಅನಂತರ ಬೆಳಿಗ್ಗೆ ಎದ್ದರೆ ಗಂಟೆಗೂ ಮಿಕ್ಕಿ ಬೆರಳು ಮಡಚಲಾಗುತ್ತಿರಲಿಲ್ಲ. ಎರಡು ಕೈಗಳ ಗಂಟುಗಳೂ ಊದುತ್ತಿದ್ದುವು. ‘ಚಿಕೂನ್‌ಗುನ್ಯಾದ್ದು, ಹೋಗುತ್ತದೆ ಅಮ್ಮ’ ಎಂದು ಎಲ್ಲರೂ ಹೇಳಿದೆವು, ನಾನೂ ಹೇಳಿದೆ. ಆಕೆ ಐದು ವರ್ಷ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗಿದಳು, ಹೊಟ್ಟೆ ಕೆಟ್ಟಿತು. ಕಡೆಗೆ ಮಂಗಳೂರಿನ ಸಂಧಿರೋಗದ ವೈದ್ಯರು ರಕ್ತ ಪರೀಕ್ಷಿಸಿ, ಇದು ರುಮಟಾಯ್ಡ್ ಸಂಧಿವಾತವೆಂದರು. ಅದು ಜ್ವರದಿಂದ ಹುಟ್ಟಿತೋ, ಜ್ವರದ ಮರೆಯಲ್ಲಿ ಬೆಳೆಯಿತೋ, ಯಾರು ಬಲ್ಲರು? ಊತವೂ ಬೆಳಗಿನ ಬಿಗಿತವೂ ಆರು ವಾರ ಮೀರಿದರೆ ವೈದ್ಯರಿಗೆ ತೋರಿಸಿರೆಂದು ಆಗ ನಾನು ಹೇಳಬೇಕಾಗಿದ್ದಿತು.

ಈಗ ಆಕೆ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ಸೇವಿಸುತ್ತಾಳೆ. ದಿನವೂ ಸೇವಿಸಿದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಎಚ್ಚರಿಸಿದ್ದಾರೆ. ಆದುದರಿಂದ ಮೊಮ್ಮಗಳು ಗೋಡೆಯ ಪಂಚಾಂಗದಲ್ಲಿ ಭಾನುವಾರಗಳಿಗೆಲ್ಲ ಕೆಂಪು ಗುರುತು ಹಾಕಿಕೊಟ್ಟಿದ್ದಾಳೆ. ಊತ ಇಳಿದಿದೆ, ಹೂ ಕಟ್ಟುವುದಕ್ಕೂ ಆಗುತ್ತದೆ. ಆಗ ಬಾಗಿದ ಎರಡು ಬೆರಳುಗಳು ಮಾತ್ರ ಹಾಗೆಯೇ ಇವೆ.