ಇಬ್ಬರ ಕಣ್ಣಿಗೆ ಒಂದೇ ಅಂಕವೆ?

ಒಂದೇ ಅಕ್ಕಿಯ ಮೂಟೆಗೆ ತಕ್ಕಡಿಯು ಬೆಳಗ್ಗೆ ಒಂದು, ಸಂಜೆ ಒಂದು ತೂಕವನ್ನು ತೋರಿದರೆ ನಾವು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತೇವೆ. ರೋಗಿಯ ವರದಿಯಲ್ಲಿರುವ ಅಂಕದ ವಿಷಯದಲ್ಲಾದರೋ ಆ ಪ್ರಶ್ನೆಯನ್ನೇ ಎತ್ತುವುದಿಲ್ಲ.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ ಪುಟ್ಟ ಚೀಲ. ಅದರ ಕ್ಯಾನ್ಸರು ಗಂಗೆಯ ಬಯಲಿನಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಮೆ. ಮೊದಮೊದಲು ಸದ್ದಿಲ್ಲದೆ ಬೆಳೆಯುವುದರಿಂದ ಬಹುಮಟ್ಟಿಗೆ ತಡವಾಗಿಯೇ ಪತ್ತೆಯಾಗುತ್ತದೆ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಅನೇಕ ವೇಳೆ ದೊರೆಯುವ ಸುಳಿವೆಂದರೆ ಚೀಲದ ಗೋಡೆಯು ೩ ಮಿಲಿಮೀಟರಿಗಿಂತ ದಪ್ಪವಾಗಿರುವುದಷ್ಟೆ. ಆದರೆ ಕಲ್ಲುಗಳಿಂದಾದ ಉರಿಯೂತದಲ್ಲಿಯೂ ಹೃದಯದ ದೌರ್ಬಲ್ಯದಲ್ಲಿಯೂ ಗೋಡೆ ದಪ್ಪವಾಗುತ್ತದೆ. ಅಷ್ಟೇಕೆ, ಊಟಮಾಡಿ ಬಂದು ಪರೀಕ್ಷೆಗೆ ಮಲಗಿದರೂ ಚೀಲ ಕುಗ್ಗಿ, ಗೋಡೆ ದಪ್ಪವಾಗಿ ತೋರುವುದುಂಟು!

ಈ ಗೊಂದಲವನ್ನು ನೀಗಲು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಜ್ಞರ ಮುಂದಾಳುತನದಲ್ಲಿ ಹಲವು ದೇಶಗಳವರು ಕೂಡಿ ಜಿಬಿ-ರ‍್ಯಾಡ್ಸ್ ಎಂಬ ಅಂಕಕ್ರಮವನ್ನು ೨೦೨೨ರಲ್ಲಿ ಪ್ರಕಟಿಸಿದರು. ೦ ಎಂದರೆ ಚಿತ್ರ ಸಾಲದು, ೧ ಸಹಜ, ೨ ನಿರಪಾಯ, ೩ ಸಂದೇಹ, ೪ ಮತ್ತು ೫ ಕ್ಯಾನ್ಸರಿನ ಬಲವಾದ ಶಂಕೆ. ದಪ್ಪವು ಸುತ್ತಲೂ ಸಮವಾಗಿದೆಯೊ, ಪದರಗಳು ಬೇರೆಬೇರೆಯಾಗಿ ಕಾಣುತ್ತವೆಯೊ, ಯಕೃತ್ತಿನ ಕಡೆಯ ಅಂಚು ಸ್ಪಷ್ಟವಾಗಿದೆಯೊ ಎಂದು ನೋಡಿ ಅಂಕವಿಡುತ್ತಾರೆ. ಪ್ರಯತ್ನವು ಶ್ಲಾಘ್ಯವೇ ಸರಿ. ಆದರೂ ಇವು ಅಳತೆಗಳಲ್ಲ, ಕಣ್ಣಿನ ತೀರ್ಪುಗಳು.

ಇಬ್ಬರು ವೈದ್ಯರು ೧೦೦ ಚಿತ್ರಗಳನ್ನು ಬೇರೆಬೇರೆಯಾಗಿ ನೋಡಿದರೆಂದು ಭಾವಿಸೋಣ. ಇಬ್ಬರೂ ತಲಾ ೧೦ ಚಿತ್ರಗಳನ್ನು ಶಂಕಿಸಿದರು. ೮೮ರಲ್ಲಿ ಅವರ ಅಭಿಪ್ರಾಯ ಕೂಡಿತು. ನೂರಕ್ಕೆ ೮೮! ವಿದ್ಯಾರ್ಥಿಗಾದರೆ ಪ್ರಥಮ ದರ್ಜೆ. ಆದರೆ ಇಬ್ಬರೂ ಕಣ್ಣುಮುಚ್ಚಿ ಹತ್ತು ಹತ್ತು ಚೀಟಿಗಳನ್ನು ಎತ್ತಿದ್ದರೂ ಸರಾಸರಿ ೮೨ರಲ್ಲಿ ಕೂಡುತ್ತಿತ್ತು: ನಿರಪಾಯವೆಂಬಲ್ಲಿ ೮೧, ಶಂಕೆಯಲ್ಲಿ ೧. ಆಕಸ್ಮಿಕವನ್ನು ಮೀರಲು ಇದ್ದ ಅವಕಾಶ ೧೮. ಅವರು ಮೀರಿದ್ದು ೬. ಈ ಪ್ರಮಾಣವೇ, ಅಂದರೆ ೦.೩೩, ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ೧೯೬೦ರಲ್ಲಿ ಸೂಚಿಸಿದ 'ಕಪ್ಪಾ'. ಲೆಕ್ಕವನ್ನು ಬಿಡಿಸಿ ನೋಡಿದರೆ, ಒಬ್ಬರು ಶಂಕಿಸಿದ ಹತ್ತರಲ್ಲಿ ಮತ್ತೊಬ್ಬರೂ ಶಂಕಿಸಿದ್ದು ನಾಲ್ಕನ್ನು ಮಾತ್ರ. ಉಳಿದವರ ಗತಿಯು ಅವರು ಯಾರ ಕೋಣೆಯ ಬಾಗಿಲು ತಟ್ಟಿದರೆಂಬುದನ್ನು ಅವಲಂಬಿಸಿತು! ೨ ಎಂದರೆ ಮನೆಗೆ. ೪ ಎಂದರೆ ಸಿ.ಟಿ. ಪರೀಕ್ಷೆ, ಬಳಿಕ ಬಹುಶಃ ಯಕೃತ್ತಿನ ತುಣುಕನ್ನೂ ಸೇರಿಸಿ ತೆಗೆಯುವ ಶಸ್ತ್ರಚಿಕಿತ್ಸೆ.

ಇಬ್ಬರೂ ಒಪ್ಪಿದ ಮಾತ್ರಕ್ಕೆ ಅದು ಸತ್ಯವೆಂದೂ ಅಲ್ಲ. ಕ್ಯಾನ್ಸರಿನ ವೇಷವನ್ನೇ ತೊಡುವ ದೀರ್ಘಕಾಲದ ಉರಿಯೂತವೊಂದುಂಟು. ಅದು ನುರಿತವರನ್ನೂ ಒಟ್ಟಿಗೆ ವಂಚಿಸಬಲ್ಲದು.

ಅಂಕಕ್ರಮವನ್ನು ಕೈಬಿಡಬೇಕೆಂಬುದು ನನ್ನ ವಾದವಲ್ಲ. ಅಂಕದೊಡನೆ ಅದಕ್ಕೆ ಆಧಾರವಾದ ಲಕ್ಷಣಗಳನ್ನೂ ಬರೆಯಬೇಕು. ೩ ಎಂದು ಬಂದ ಚಿತ್ರವನ್ನು, ಮೊದಲಿನ ಅಂಕವನ್ನರಿಯದ ಇನ್ನೊಬ್ಬರು ನೋಡಬೇಕು. ರೋಗ ಹೆಚ್ಚಾಗಿರುವ ಉತ್ತರದ ಆಸ್ಪತ್ರೆಯಲ್ಲಿ ೪ಕ್ಕೆ ಇರುವ ಬೆಲೆಯು ರೋಗ ಕಡಮೆಯಿರುವ ಕರ್ನಾಟಕದಲ್ಲಿ ಅಷ್ಟೇ ಇರಲಾರದು. ಇಲ್ಲಿಯ ಅಂಕಗಳನ್ನು ಸೂಕ್ಷ್ಮದರ್ಶಕದ ತೀರ್ಪಿನೊಡನೆ ಇಲ್ಲಿಯೇ ಒರೆಹಚ್ಚಿ ನೋಡಬೇಕು.